ಮಗನ ಕೈಗೆ ಕೀಲಿ, ಎರಡು ಮನೆಗೆ ಸಂಕಟ
ಹದಿಹರೆಯದವರಿಂದ ಅಪಘಾತವಾದಾಗ ಕುಟುಂಬಗಳು ತಿಳಿದಿರಬೇಕಾದ ಕಾನೂನಿನ ನೆರವು

ದೇಹಕ್ಕೆ ರೋಗ ಬಂದಾಗ ವೈದ್ಯರ ಬಳಿಗೆ ಹೋಗಬೇಕೆಂಬುದು ಎಲ್ಲರಿಗೂ ತಿಳಿದಿದೆ. ಮನೆಗೇ ರೋಗ ಬಂದಾಗ ಎಲ್ಲಿಗೆ ಹೋಗಬೇಕೆಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಹದಿನಾರು ಹದಿನೇಳು ವರ್ಷದ ಮಗ ಮೋಟಾರ್ ಸೈಕಲ್ಲನ್ನೋ ಟ್ರ್ಯಾಕ್ಟರನ್ನೋ ಓಡಿಸಿ ಇನ್ನೊಬ್ಬರ ಪ್ರಾಣಕ್ಕೆ ಎರವಾದನೆಂದರೆ, ಅಂದಿನಿಂದ ಎರಡು ಮನೆಗಳು ಹಾಸಿಗೆ ಹಿಡಿಯುತ್ತವೆ. ಒಂದು ಮನೆಯಲ್ಲಿ ದುಡಿಯುವ ಜೀವ ಹೋಗಿರುತ್ತದೆ. ಇನ್ನೊಂದು ಮನೆಯಲ್ಲಿ ತಾಯಿಗೆ ನಿದ್ರೆಯಿಲ್ಲ, ತಂದೆಗೆ ರಕ್ತದೊತ್ತಡ, ಹುಡುಗನಿಗೆ ಅನ್ನ ಇಳಿಯುವುದಿಲ್ಲ. ಆರೋಗ್ಯದ ಈ ಅಂಕಣದಲ್ಲಿ ಕಾನೂನಿನ ಮಾತೇಕೆಂದು ಭಕ್ತಾದಿಗಳು ಕೇಳಬಹುದು. ಇಂತಹ ಮನೆಗಳಿಗೆ ನಾವು ಕೊಡುವ ಚೂರ್ಣ, ಲೇಹ್ಯಗಳು ಅರ್ಧ ಮದ್ದು ಮಾತ್ರ. ಉಳಿದರ್ಧ ಸರಿಯಾದ ದಾರಿ ತಿಳಿಯುವುದರಲ್ಲಿದೆ. ಅದಕ್ಕಾಗಿಯೇ ಈ ಬರಹ.

ಪ್ರಜ್ಞಾಪರಾಧ

ರೂಪನಗುಡಿ ಹೋಬಳಿಯ ಹಳ್ಳಿಗಳಲ್ಲಾಗಲಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಾಗಲಿ ವಾಹನವಿಲ್ಲದ ರೈತರ ಮನೆ ಇಂದು ವಿರಳ. ಹತ್ತಿ, ಮೆಣಸಿನಕಾಯಿಯ ಸುಗ್ಗಿಯಲ್ಲಿ, ಭತ್ತದ ಕೊಯ್ಲಿನಲ್ಲಿ ಕೈಗಳು ಸಾಲದೆ ಬಂದಾಗ ಹೈಸ್ಕೂಲಿನ ಹುಡುಗನನ್ನೇ ಟ್ರ್ಯಾಕ್ಟರಿನ ಮೇಲೆ ಕೂರಿಸುವ ರೂಢಿ ಇದೆ. ಬಳ್ಳಾರಿಯ ಕಾಲೇಜಿಗೆ ಬಸ್ಸಿನ ವೇಳೆ ಹೊಂದುವುದಿಲ್ಲವೆಂದು ಮಗನಿಗೋ ಮಗಳಿಗೋ ಗಾಡಿ ಕೊಡುವವರಿದ್ದಾರೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿತೆಂದು ಬೈಕನ್ನೇ ಬಹುಮಾನವಾಗಿ ಕೊಡುವವರೂ ಇದ್ದಾರೆ. ಇದರಲ್ಲಿ ಕೆಟ್ಟ ಉದ್ದೇಶವಿಲ್ಲ; ಪ್ರೀತಿಯಿದೆ, ಅನಿವಾರ್ಯವೂ ಇದೆ. ಆದರೆ ರಸ್ತೆಗೆ ಉದ್ದೇಶ ಗೊತ್ತಾಗುವುದಿಲ್ಲ.

ತಿಳಿದೂ ತಿಳಿದೂ ಅಹಿತವಾದುದನ್ನು ಮಾಡುವುದನ್ನು ಚರಕಾಚಾರ್ಯರು ಪ್ರಜ್ಞಾಪರಾಧವೆಂದು ಕರೆದು, ರೋಗಗಳ ಮುಖ್ಯ ಕಾರಣಗಳಲ್ಲಿ ಒಂದೆಂದು ಎಣಿಸಿದ್ದಾರೆ. ಧೀ, ಧೃತಿ, ಸ್ಮೃತಿ ಈ ಮೂರೂ ಕದಲಿದಾಗ ಅದು ಸಂಭವಿಸುತ್ತದೆ. ತಿಳಿಯುವ ಬುದ್ಧಿ, ತಡೆದು ನಿಲ್ಲಿಸುವ ಶಕ್ತಿ, ಹಿಂದಿನ ಅನುಭವದ ನೆನಪು ಇವೇ ಆ ಮೂರು. ಆಧುನಿಕ ವೈದ್ಯಶಾಸ್ತ್ರವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಆವೇಗವನ್ನು ತಡೆಯುವ, ಅಪಾಯವನ್ನು ಅಳೆಯುವ ಮಿದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಕೈಕಾಲು ಬಲಿತಿದ್ದರೂ ಧೃತಿ ಬಲಿತಿಲ್ಲದ ವಯಸ್ಸದು. ಹದಿನೆಂಟು ತುಂಬುವ ಮೊದಲು ವಾಹನ ಬೇಡವೆಂದು ಕಾನೂನು ಹೇಳುವುದರ ಹಿಂದೆ ಈ ವಿವೇಕವಿದೆ. ಹದಿನಾರು ತುಂಬಿದವರಿಗೆ 50 ಸಿಸಿ ಮೀರದ, ಗೇರಿಲ್ಲದ ದ್ವಿಚಕ್ರಕ್ಕೆ ಪರವಾನಗಿಯ ಅವಕಾಶವಿದೆ. ನಮ್ಮ ಊರುಗಳಲ್ಲಿ ಓಡಾಡುವ ಸ್ಕೂಟರುಗಳಲ್ಲಿ ಹೆಚ್ಚಿನವು ಆ ಮಿತಿಯನ್ನು ಮೀರಿದವು. ಟ್ರ್ಯಾಕ್ಟರನ್ನು ಸಾರ್ವಜನಿಕ ರಸ್ತೆಗೆ ತಂದರೆ ಅದಕ್ಕೂ ಪರವಾನಗಿ ಬೇಕು, ಹದಿನೆಂಟು ವರ್ಷ ತುಂಬಿರಬೇಕು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ಹೇಳಿದೆ. ಇವರಲ್ಲಿ ಒಬ್ಬೊಬ್ಬರ ಹಿಂದೆಯೂ ಒಂದು ಮನೆಯಿದೆ.

ಮೊದಲ ಗಂಟೆ

ಅಪಘಾತವಾದೊಡನೆ ಮೊದಲ ಧರ್ಮ ಗಾಯಗೊಂಡವರನ್ನು ಉಳಿಸುವುದು. 108ಕ್ಕೋ 112ಕ್ಕೋ ಕರೆ ಮಾಡಬೇಕು. ಮೋಟಾರು ವಾಹನ ಕಾಯ್ದೆಯ 134ನೆಯ ಕಲಮಿನ ಪ್ರಕಾರ, ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದೂ ಪೊಲೀಸರಿಗೆ ತಿಳಿಸುವುದೂ ವಾಹನ ಓಡಿಸಿದವನ ಕರ್ತವ್ಯ. ಜನರು ರೊಚ್ಚಿಗೆದ್ದು ಅಲ್ಲಿ ನಿಲ್ಲುವುದೇ ಅಪಾಯವೆಂಬ ಸಂದರ್ಭವನ್ನು ಕಾನೂನು ಅರ್ಥಮಾಡಿಕೊಂಡಿದೆ; ಆಗ ನೇರವಾಗಿ ಸಮೀಪದ ಠಾಣೆಗೆ ಹೋಗಿ ವಿಷಯ ತಿಳಿಸಬೇಕು. ಗಾಯಾಳುವನ್ನು ಬಿಟ್ಟು ಓಡಿಹೋಗಿ ಬಂಧುಗಳ ಊರಿನಲ್ಲಿ ಅಡಗುವುದು ಮಾತ್ರ ಕೂಡದು.

ಚಿಕಿತ್ಸೆಯ ಹಣಕ್ಕೆ ಅಂಜುವ ಕಾರಣವಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ತಂದ ದಾರಿಹೋಕರನ್ನು ಕಾಡಬಾರದೆಂದೂ ಕಾನೂನಿದೆ.

ಓಡಿಸಿದ ಹುಡುಗನನ್ನೂ ವೈದ್ಯರಿಗೆ ತೋರಿಸಬೇಕು. ಭಯದಲ್ಲಿ ಅವನು ನೋವನ್ನು ಹೇಳುವುದಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಮನೆಯಲ್ಲೇ ಮಲಗಿಸುವುದು ಅಪಾಯಕರ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು, ಕಿವಿ ಮೂಗಿನಿಂದ ರಕ್ತ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆಯುರ್ವೇದದ ವೈದ್ಯರಾಗಿ ನಾವೇ ಹೇಳುತ್ತಿದ್ದೇವೆ: ಆ ಹೊತ್ತಿಗೆ ನಮ್ಮ ಬಳಿಗೆ ಬರಬೇಡಿರಿ, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿರಿ.

ಓಡಿಸಿದವನ ಹೆಸರು ಬದಲಾಯಿಸುವ ಪಾಪ

ಅಪಘಾತದ ರಾತ್ರಿ ಹಿತೈಷಿಗಳು ಕೂಡುತ್ತಾರೆ. "ಹುಡುಗನ ಭವಿಷ್ಯ ಹಾಳಾಗುತ್ತದೆ, ಲೈಸೆನ್ಸ್ ಇರುವ ಸೋದರಮಾವನೇ ಓಡಿಸುತ್ತಿದ್ದನೆಂದು ಬರೆಸಿಬಿಡಿ" ಎಂಬ ಸಲಹೆ ಅಲ್ಲಿ ಹುಟ್ಟುತ್ತದೆ. ಪ್ರೀತಿಯ ವೇಷ ತೊಟ್ಟು ಬರುವ ಈ ಸಲಹೆಯೇ ಇಡೀ ಪ್ರಸಂಗದಲ್ಲಿ ಅತ್ಯಂತ ಘೋರವಾದ ವಿಷ.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನಿದ್ರಾನಾಶವೆಂದು ಹದಿನೇಳರ ಮಗನನ್ನು ನಮ್ಮಲ್ಲಿಗೆ ಕರೆತಂದರು. ಮೂರು ಸಲ ಔಷಧ ಬದಲಿಸಿದರೂ ಗುಣ ಕಾಣಲಿಲ್ಲ. ನಾಲ್ಕನೆಯ ಸಲ ಹುಡುಗನೊಬ್ಬನನ್ನೇ ಕೂರಿಸಿಕೊಂಡು ಮಾತನಾಡಿಸಿದಾಗ ಅವನು ಬಾಯಿಬಿಟ್ಟ: "ಗಾಡಿ ಓಡಿಸಿದವನು ನಾನು, ಕೋರ್ಟಿಗೆ ಅಲೆಯುತ್ತಿರುವವನು ನಮ್ಮ ಮಾವ." ಊರು, ಹೆಸರು ಹೇಳುವುದು ವೈದ್ಯಧರ್ಮವಲ್ಲ. ಆದರೆ ಅವನ ರೋಗ ಅಪಘಾತದ್ದಾಗಿರಲಿಲ್ಲ, ಸುಳ್ಳಿನದಾಗಿತ್ತು ಎಂಬುದನ್ನು ಹೇಳಲೇಬೇಕು. ವಕೀಲರ ಮೂಲಕ ಸತ್ಯವನ್ನು ನ್ಯಾಯಾಲಯದ ಮುಂದಿಡಲು ಆ ಕುಟುಂಬ ಒಪ್ಪಿಕೊಂಡ ಮೇಲೆಯೇ ಹುಡುಗ ರಾತ್ರಿ ಕಣ್ಣು ಮುಚ್ಚತೊಡಗಿದನು.

2024ರ ಮೇ 19ರಂದು ಪುಣೆಯಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಅಸುನೀಗಿದರು. 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತೂ ಸೇರಿದಂತೆ ಬಾಲನ್ಯಾಯ ಮಂಡಳಿಯು ಜಾಮೀನು ನೀಡಿದಾಗ ದೇಶವೇ ಕೆರಳಿತು. ಅನಂತರ ನಡೆದುದು ಇನ್ನೂ ದುಃಖಕರ. ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದಲ್ಲಿ ತಂದೆ, ತಾಯಿ, ಆಸ್ಪತ್ರೆಯ ವೈದ್ಯರು ಬಂಧಿತರಾದರು. ತಾನೇ ಓಡಿಸಿದೆನೆಂದು ಒಪ್ಪಿಕೊಳ್ಳುವಂತೆ ಮನೆಯ ಚಾಲಕನನ್ನು ಬಲವಂತಪಡಿಸಿದರೆಂಬ ಆರೋಪದಲ್ಲಿ ಅಜ್ಜನೂ ಬಂಧಿತನಾದನು. ಹುಡುಗನಾದರೋ 2024ರ ಜೂನ್ 25ರಂದು ಬಾಂಬೆ ಹೈಕೋರ್ಟಿನ ಆದೇಶದಂತೆ ವೀಕ್ಷಣಾಲಯದಿಂದ ಹೊರಬಂದನು. ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೆಂಬ ಪೊಲೀಸರ ಕೋರಿಕೆಯನ್ನು 2025ರ ಜುಲೈನಲ್ಲಿ ಮಂಡಳಿಯು ತಳ್ಳಿಹಾಕಿತು. ಹುಡುಗನಿಗೆ ಕಾನೂನಿನ ರಕ್ಷಣೆ ಇದ್ದೇ ಇತ್ತು; ಆರೋಪದ ಸುಳಿಗೆ ಸಿಕ್ಕಿದವರು ಅವನ ಹಿರಿಯರು. ಅಲ್ಲಿಯ ಸಿರಿವಂತರಿಗೂ ಇಲ್ಲಿಯ ರೈತರಿಗೂ ಈ ಪಾಠ ಒಂದೇ. ಸಾಕ್ಷ್ಯ ಮುಚ್ಚುವುದು, ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧಗಳಾಗಿವೆ.

ಹುಡುಗನ ವಿಚಾರಣೆ ಹೇಗೆ?

ಹದಿನೆಂಟು ತುಂಬದವನು ದೊಡ್ಡವರ ನ್ಯಾಯಾಲಯಕ್ಕೆ ಹೋಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಯ ಬಾಲನ್ಯಾಯ ಮಂಡಳಿಯ ಮುಂದೆ ಅವನ ವಿಚಾರಣೆ ನಡೆಯುತ್ತದೆ. ಅಲ್ಲಿ ಒಬ್ಬ ನ್ಯಾಯಾಧೀಶರೂ ಇಬ್ಬರು ಸಮಾಜ ಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಪೊಲೀಸರು ಹುಡುಗನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ತಂದೆ ತಾಯಿಗೆ ತಿಳಿಸಬೇಕು. ಅಂತಹ ಮಗುವಿಗೆ ಜಾಮೀನು ನೀಡುವುದೇ ನಿಯಮ. ಮಗುವಿಗೇ ಅಪಾಯವಾಗುವಂತಹ ಕೆಲವು ಸಂದರ್ಭಗಳಲ್ಲಿ ಮಾತ್ರ ನಿರಾಕರಿಸಬಹುದು.

ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ವಯಸ್ಕರಿಗೆ ಐದು ವರ್ಷದವರೆಗೆ ಸೆರೆಯುಂಟು. ಮಕ್ಕಳನ್ನು ವಯಸ್ಕರಂತೆ ವಿಚಾರಿಸಬಹುದಾದುದು ಹದಿನಾರು ದಾಟಿದವರು ಕನಿಷ್ಠ ಏಳು ವರ್ಷ ಶಿಕ್ಷೆಯುಳ್ಳ ಹೇಯ ಅಪರಾಧ ಎಸಗಿದ್ದಾರೆಂಬ ಆರೋಪವಿದ್ದಾಗ ಮಾತ್ರ. ಕನಿಷ್ಠ ಶಿಕ್ಷೆಯನ್ನು ಹೇಳದ ಅಪರಾಧವು ಆ ವರ್ಗಕ್ಕೆ ಸೇರದೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅದೂ ದೆಹಲಿಯಲ್ಲಿ ಹುಡುಗನೊಬ್ಬ ಕಾರು ಓಡಿಸಿ ಜೀವ ತೆಗೆದ ಪ್ರಕರಣವೇ. ಮಂಡಳಿಯು ಬುದ್ಧಿವಾದ, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ದಂಡ, ಪರಿವೀಕ್ಷಣೆ ಇವುಗಳನ್ನು ವಿಧಿಸಬಹುದು. ಹೆಚ್ಚೆಂದರೆ ಮೂರು ವರ್ಷದವರೆಗೆ ವಿಶೇಷ ಗೃಹಕ್ಕೆ ಕಳುಹಿಸಬಹುದು. ಮಗುವಿನ ಹೆಸರು, ಶಾಲೆ, ಚಿತ್ರಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುವುದು ನಿಷಿದ್ಧ. ಮುಂದೆ ಉದ್ಯೋಗಕ್ಕೆ ಈ ಪ್ರಕರಣ ಅನರ್ಹತೆಯಾಗದಂತೆಯೂ ಕಾಯ್ದೆ ನೋಡಿಕೊಂಡಿದೆ. ಹುಡುಗನ ಬಾಳು ಮುಗಿಯಿತೆಂದು ಮನೆಯವರು ಎದೆಯೊಡೆದುಕೊಳ್ಳಬೇಕಾಗಿಲ್ಲ. ಶಾಲೆಯ ಪ್ರಮಾಣಪತ್ರ, ಜನನ ಪ್ರಮಾಣಪತ್ರಗಳನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳಬೇಕು. ವಯಸ್ಸನ್ನು ತೋರಿಸುವ ದಾಖಲೆಗಳು ಅವೇ. ಆದರೆ ಹದಿನೆಂಟು ತುಂಬಿದ ಮರುದಿನ ಅಪಘಾತವಾದರೂ ಈ ರಕ್ಷಣೆಯಿಲ್ಲ. ಆಗ ವಿಚಾರಣೆ ವಯಸ್ಕರ ನ್ಯಾಯಾಲಯದಲ್ಲಿ.

ತಂದೆ ತಾಯಿಯ ಹೊಣೆ

2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ 199-ಎ ಕಲಮಿನಂತೆ, ಅಪ್ರಾಪ್ತನು ವಾಹನ ಕಾಯ್ದೆಯ ಅಪರಾಧವೆಸಗಿದರೆ ಅವನ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ಶಿವಮೊಗ್ಗವೂ ಸೇರಿದಂತೆ ನಮ್ಮ ರಾಜ್ಯದ ಹಲವು ಜಿಲ್ಲೆಗಳ ನ್ಯಾಯಾಲಯಗಳು, ಮಕ್ಕಳಿಗೆ ಬೈಕು ಕೊಟ್ಟವರಿಗೆ 25,000 ರೂಪಾಯಿ ದಂಡ ವಿಧಿಸಿರುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ತನಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಪೋಷಕರು ರುಜುವಾತುಪಡಿಸಿದರೆ ವಿನಾಯಿತಿಯುಂಟು. ಆದರೆ ರುಜುವಾತಿನ ಭಾರ ಅವರದೇ. ದಿನವೂ ಬಾಗಿಲ ಬಳಿಯ ಮೊಳೆಗೆ ಕೀಲಿ ತೂಗುಹಾಕುವ ಮನೆಯವರು ಇದನ್ನು ಸಾಧಿಸುವುದು ಸುಲಭವಲ್ಲ.

ಆ ಇನ್ನೊಂದು ಮನೆ

ಗಾಯಗೊಂಡವರ ಅಥವಾ ಮೃತರ ಕುಟುಂಬವು ಪರಿಹಾರ ಕೇಳುವುದು ಹಗೆತನವಲ್ಲ, ಅವರ ಹಕ್ಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅವರು ಅರ್ಜಿ ಸಲ್ಲಿಸಬಹುದು. ತಪ್ಪು ಯಾರದೆಂದು ಸಾಧಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೋರುವ ದಾರಿ 164ನೆಯ ಕಲಮಿನಲ್ಲಿದೆ. ನಿರ್ಲಕ್ಷ್ಯವನ್ನು ಸಾಧಿಸಿ, ವಯಸ್ಸು, ಆದಾಯ, ಅವಲಂಬಿತರ ಲೆಕ್ಕದ ಮೇಲೆ ಹೆಚ್ಚಿನ ಪರಿಹಾರ ಕೋರುವ ದಾರಿ 166ನೆಯ ಕಲಮಿನಲ್ಲಿದೆ. ಇದಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ದುಃಖದಲ್ಲಿ ದಿನ ಕಳೆಯಬಾರದು. ನಮ್ಮದು ಆಂಧ್ರದ ಗಡಿಯ ಸೀಮೆ. ಅಪಘಾತ ಗಡಿಯಾಚೆ ನಡೆದಿದ್ದರೂ ತಾವು ವಾಸಿಸುವ ಜಿಲ್ಲೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನದೊಳಗೆ ಸವಿವರ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಇದೆ. ಅದರ ಪ್ರತಿಯನ್ನು ಕೇಳಿ ಪಡೆಯಬೇಕು.

ವಿಮೆಯಿದೆಯಲ್ಲಾ ಎಂದು ವಾಹನದ ಮಾಲೀಕರು ನಿಶ್ಚಿಂತರಾಗಬಾರದು. ಪರವಾನಗಿಯಿಲ್ಲದ ಹುಡುಗನ ಕೈಗೆ ವಾಹನ ಕೊಟ್ಟರೆ ವಿಮೆಯ ಷರತ್ತು ಮುರಿದಂತೆ. ಇಂತಹ ಪ್ರಕರಣಗಳಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ, ನೊಂದವರಿಗೆ ವಿಮಾ ಸಂಸ್ಥೆ ಮೊದಲು ಹಣ ಕೊಡಲಿ, ಅನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುತ್ತವೆ. 2004ರ ಅಪಘಾತವೊಂದರಲ್ಲಿ, ಹುಡುಗನು ತನಗೆ ತಿಳಿಯದೆ ಕೀಲಿ ತೆಗೆದುಕೊಂಡು ಹೋದನೆಂದು ಬೈಕಿನ ಮಾಲೀಕರು ವಾದಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ವಸೂಲಾತಿಯನ್ನು ಎತ್ತಿಹಿಡಿಯಿತು. ನ್ಯಾಯಮಂಡಳಿಯ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು 174ನೆಯ ಕಲಮಿನಲ್ಲಿ ಅವಕಾಶವಿದೆ. ಒಂದು ಕೀಲಿಯ ಅಸಡ್ಡೆಯಿಂದ ತಲೆಮಾರುಗಳ ಹೊಲಕ್ಕೆ ಕುತ್ತು ಬರಬಹುದೆಂಬುದೇ ಇದರ ಅರ್ಥ.

ಉಚಿತ ವಕೀಲರು ಎಲ್ಲಿ ಸಿಗುತ್ತಾರೆ?

"ವಕೀಲರಿಗೆ ಕೊಡಲು ನಮ್ಮ ಬಳಿ ಎಲ್ಲಿದೆ?" ಎಂಬ ನಿಟ್ಟುಸಿರನ್ನು ಎರಡೂ ಮನೆಗಳಲ್ಲಿ ಕೇಳುತ್ತೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಇರುವುದು ಇದಕ್ಕಾಗಿಯೇ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯವೆಷ್ಟೇ ಇದ್ದರೂ ಉಚಿತ ವಕೀಲರ ನೆರವು ದೊರೆಯುತ್ತದೆ. ಉಳಿದವರಿಗೆ ವಾರ್ಷಿಕ ಆದಾಯ ಸರ್ಕಾರ ನಿಗದಿಪಡಿಸಿದ ಮಿತಿಯೊಳಗಿರಬೇಕು. ಅಂದರೆ ಗಾಡಿ ಓಡಿಸಿದ ಹುಡುಗ ಮಗುವಾದ್ದರಿಂದ ಅರ್ಹ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮಹಿಳೆಯಾದ್ದರಿಂದ ಅರ್ಹಳು. ಇಬ್ಬರಿಗೂ ಬೇರೆ ಬೇರೆ ವಕೀಲರು ಸಿಗುತ್ತಾರೆ.

ಬಳ್ಳಾರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಾಗಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಾಗಲಿ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ಕರೆ ಮಾಡಿ ವಿಚಾರಿಸಲೂಬಹುದು. ಪ್ರಾಧಿಕಾರ ನೇಮಿಸಿದ ವಕೀಲರಿಗೆ ಕಕ್ಷಿದಾರರು ಹಣ ಕೊಡಬೇಕಾಗಿಲ್ಲ. ಹೋಗುವಾಗ ಆಧಾರ್, ದೂರಿನ ಪ್ರತಿ, ಆಸ್ಪತ್ರೆಯ ಕಾಗದಗಳು, ವಾಹನ ಮತ್ತು ವಿಮೆಯ ಪತ್ರಗಳ ಪ್ರತಿಗಳು ಜೊತೆಗಿರಲಿ. ಆಸ್ಪತ್ರೆಯ ಆವರಣದಲ್ಲೇ ಬಂದು ಖಾಲಿ ಕಾಗದಕ್ಕೆ ಸಹಿ ಕೇಳುವ ಮಧ್ಯವರ್ತಿಗಳಿಂದ ಮಾತ್ರ ದೂರವಿರಬೇಕು.

ಇನ್ನು ರಾಜಿಯ ಮಾತು. ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ಇಷ್ಟು ಹಣಕ್ಕೆ ಮುಗಿಸಿರೆಂದು ಹೇಳುವುದುಂಟು. ಸಾವಿನ ಕ್ರಿಮಿನಲ್ ಪ್ರಕರಣ ಅಂತಹ ರಾಜಿಯಿಂದ ಮುಗಿಯುವುದಿಲ್ಲ. ಪರಿಹಾರದ ಅರ್ಜಿಯನ್ನಾದರೋ ಲೋಕ ಅದಾಲತಿನಲ್ಲಿ ನ್ಯಾಯಾಧೀಶರ ಎದುರು ಇತ್ಯರ್ಥಪಡಿಸಿಕೊಳ್ಳಬಹುದು. ಅಲ್ಲಿಯ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿಯ ಅಲೆದಾಟವಿಲ್ಲ. ಹಿರಿಯರು ರಾಜಿ ಮಾಡಿಸಬಯಸಿದರೆ ಎರಡೂ ಕಡೆಯವರನ್ನು ಅಲ್ಲಿಗೆ ಕರೆದೊಯ್ಯಲಿ.

ಹುಡುಗನ ಮನಸ್ಸಿಗೆ ಚಿಕಿತ್ಸೆ

ಅಪಘಾತದ ಬಳಿಕ ಕೆಲವು ವಾರ ಬೆಚ್ಚಿಬೀಳುವುದು, ಆ ದೃಶ್ಯ ಮರುಕಳಿಸುವುದು, ಊಟ ಸೇರದಿರುವುದು ಸಹಜ. ತಿಂಗಳು ಮೀರಿದರೆ ಮನೋವೈದ್ಯರಿಗೆ ತೋರಿಸಲೇಬೇಕು. "ನಾನು ಇರಬಾರದಿತ್ತು" ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಅವನನ್ನು ಒಂಟಿಯಾಗಿ ಬಿಡಬಾರದು. ನಮ್ಮ ರೈತರ ಮನೆಗಳಲ್ಲಿ ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಔಷಧದ ಡಬ್ಬಿಗಳು ಕೈಗೆಟುಕುವಂತಿರುತ್ತವೆ. ಅವನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಬೇಕು. 14416 ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಚರಕಸಂಹಿತೆಯು ಸತ್ವಾವಜಯವೆಂಬ ಚಿಕಿತ್ಸೆಯನ್ನು ಹೇಳುತ್ತದೆ. ಅಹಿತದ ಕಡೆಗೆ ಹರಿಯುವ ಮನಸ್ಸನ್ನು ಹಿಡಿದು ನಿಲ್ಲಿಸುವುದೇ ಅದು. ಮನೆಯವರು ಮಾಡಬೇಕಾದುದು ಇಷ್ಟೇ: ಬೈಗುಳ ಬೇಡ, ಏನೂ ಆಗಿಲ್ಲವೆಂಬ ನಟನೆಯೂ ಬೇಡ. ಹೊತ್ತಿಗೆ ಸರಿಯಾಗಿ ಊಟ, ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ, ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ತಂದೆಯೊಡನೆ ಕೂರುವುದು, ಹಗಲಿಗೆ ಒಂದು ಕಾಯಕ. ತಲೆಗೆ ಪೆಟ್ಟಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆಯೇ ಅಭ್ಯಂಗ. ಔಷಧದಂಗಡಿಯಿಂದ ತಾವೇ ನಿದ್ರೆಯ ಮಾತ್ರೆ ತಂದು ಕೊಡಬಾರದು. ಶಾಲೆ ಬಿಡಿಸಬಾರದು.

ಬಸವಾದಿ ಶರಣರು ತೋರಿದ ಪಂಚಾಚಾರಗಳಲ್ಲಿ ಸದಾಚಾರವಿದೆ, ಭೃತ್ಯಾಚಾರವಿದೆ. ನಡೆದುದನ್ನು ನಡೆದಂತೆ ಹೇಳುವುದು ಸದಾಚಾರ. ನೊಂದ ಮನೆಯ ಮುಂದೆ ತಲೆಬಾಗುವುದು ಭೃತ್ಯಾಚಾರ. ವಕೀಲರನ್ನು ಕೇಳಿಕೊಂಡು, ಆ ಮನೆಯವರ ಒಪ್ಪಿಗೆ ಪಡೆದು, ಹಿರಿಯರೊಬ್ಬರ ಜೊತೆಯಲ್ಲಿ ಹೋಗಿ ಅವರ ದುಃಖಕ್ಕೆ ಕಿವಿಯಾಗಬಹುದು. ಅವರ ಮಕ್ಕಳ ಓದಿಗೆ ಆಸರೆಯಾಗಬಹುದು. ಇದು ಕಾನೂನಿನ ಪರಿಹಾರಕ್ಕೆ ಬದಲಲ್ಲ, ಅದರ ಜೊತೆಗಿನ ದಾಸೋಹ.

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಭಕ್ತರು ಎರಡು ಕೆಲಸ ಮಾಡಲೆಂದು ಕೋರುತ್ತೇವೆ. 15100 ಮತ್ತು 14416 ಈ ಎರಡು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಮೊಳೆಗೆ ತೂಗುತ್ತಿರುವ ಗಾಡಿಯ ಕೀಲಿಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಮೊದಲನೆಯದು ಕಷ್ಟ ಬಂದಾಗಿನ ಮದ್ದು. ಎರಡನೆಯದು ಕಷ್ಟವೇ ಬಾರದಂತೆ ಪಾಲಿಸುವ ಪಥ್ಯ.